ಎರಡು ಚುಕ್ಕಿಯ ಮಹಾಶಿಲ್ಪಿ

ನಮ್ಮ ಕನ್ನಡ ಕೂಟದವರು ಈ ವರ್ಷ ಎಪ್ಪತ್ತು ದಾಟಿದ ಸದಸ್ಯರಿಗೆಲ್ಲ ಶಾಲು ಹೊದಿಸುತ್ತಾರಂತೆ. ಸ್ಮರಣ ಸಂಚಿಕೆಯ ಕೆಲಸ ವಹಿಸಿಕೊಂಡಿರುವ ಕ್ಷಮಾ ಎಂಬ ಹುಡುಗಿ ಫೋನ್ ಮಾಡಿ, "ಆಂಟಿ, ಅಂಕಲ್ ಬಗ್ಗೆ ಒಂದು ಟೂ ಹಂಡ್ರೆಡ್ ವರ್ಡ್ಸ್ ಬರ್ಕೊಡಿ, ಪ್ಲೀಸ್. ಸ್ವಲ್ಪ ಪರ್ಸನಲ್ ಆಗಿರ್ಲಿ" ಎಂದಳು. ಬರೆದುಕೊಟ್ಟೆ. ಬಸವನಗುಡಿಯಲ್ಲಿ ಜನನ, ಇಂಜಿನಿಯರಿಂಗ್‌ನಲ್ಲಿ ಏಳನೆಯ ರ‍್ಯಾಂಕ್, ನ್ಯೂಜೆರ್ಸಿಯ ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಮೂವತ್ತಾರು ವರ್ಷ ಸೇವೆ, ಸರಳ, ಸಜ್ಜನ, ಕಲಾಪ್ರೇಮಿ. ಇನ್ನೂರು ಪದಕ್ಕೆ ಅಷ್ಟು ಸುಳ್ಳು ಸಾಕಾಯಿತು. ಪರ್ಸನಲ್ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರ ಹೆಸರು ಬದರೀನಾಥ. ವಯಸ್ಸು ಎಪ್ಪತ್ತೆರಡು. ಮೂರು ವರ್ಷ ಅವರು ಒಬ್ಬ ಶಿಲ್ಪಿಯನ್ನು ಹುಡುಕಿದರು. ಆ ಶಿಲ್ಪಿ ನಾನು. ಮೂರು ವರ್ಷವೂ ನಾನು ಅವರ ಎದುರಿಗೇ ಇದ್ದೆ, ದಿನಕ್ಕೆ ಮೂರು ಸಲ ಕಾಫಿ ಕೊಡುತ್ತಿದ್ದೆ.

ಇವರ ಹುಡುಕಾಟ ಎಂಥದ್ದು ಎಂದು ಮೊದಲು ಹೇಳಬೇಕು. ರಿಟೈರ್ ಆದ ಮೇಲೆ ಇವರು ಒಂದಾದ ಮೇಲೊಂದು ವಿಷಯದಲ್ಲಿ ಪಂಡಿತರಾದರು. ಮೊದಲು ಟೆಲಿಸ್ಕೋಪ್ ಬಂತು. ಚಂದ್ರನನ್ನು ಎರಡು ಸಲ ನೋಡಿದರು, ಮೂರನೆಯ ಸಲ ಚಳಿ ಎಂದರು. ಅದರ ಸ್ಟ್ಯಾಂಡಿನ ಮೇಲೆ ಈಗ ನನ್ನ ಕರಿಬೇವಿನ ಕುಂಡ ಇದೆ. ಆಮೇಲೆ ಬೋನ್ಸಾಯ್. ಎರಡು ಗಿಡ ತಂದು, ಮೂವತ್ತು ಜನಕ್ಕೆ ಬೋನ್ಸಾಯ್ ಬಗ್ಗೆ ಭಾಷಣ ಮಾಡಿ, ನೀರು ಹಾಕುವುದನ್ನು ಮರೆತರು. ಆಮೇಲೆ ಬೇಸ್‌ಮೆಂಟಿನಲ್ಲಿ ಒಂದು ಬಾರ್ ಕಟ್ಟಿಸಿದರು. ಅರ್ಧ ಗ್ಲಾಸ್ ವೈನ್ ಕುಡಿದರೆ ಎದೆಯುರಿ ಎಂದು ಜೆಲುಸಿಲ್ ಹುಡುಕುವ ಮನುಷ್ಯನಿಗೆ ಆರು ಸ್ಟೂಲಿನ ಬಾರ್! ಬಿದಿರಿನ ಚಾಪೆ ಹೊಡೆಸಿದರು, ತೆಂಗಿನ ಚಿಪ್ಪು ತೂಗುಹಾಕಿದರು. ಹವಾಯಿ ಥೀಮ್ ಅಂತೆ. ಕಾಲೇಜಿನ ಗೆಳೆಯರು ಬಂದು ನೋಡಿ, "ಏನ್ ಟೇಸ್ಟೋ ಬದರಿ ನಿಂದು" ಎಂದು ಹೊಗಳಿ, ಮಜ್ಜಿಗೆ ಕುಡಿದು ಹೋದರು.

ಈ ಬಾರಿಗೆ ಒಂದು ಟಿಕಿ ಬೇಕಾಯಿತು. ಟಿಕಿ ಎಂದರೆ ದೊಡ್ಡ ಬಾಯಿ, ದೊಡ್ಡ ಹಲ್ಲಿನ ಮರದ ಬೊಂಬೆ. ಆ ದ್ವೀಪಗಳ ಜನರಿಗೆ ದೇವರಾಗಿದ್ದದ್ದನ್ನು ಇಲ್ಲಿಯವರು ಬಾರುಗಳಲ್ಲಿ, ಈಜುಕೊಳಗಳ ಪಕ್ಕದಲ್ಲಿ ನಿಲ್ಲಿಸಲು ತಮಗೆ ತೋಚಿದಂತೆ ಕೆತ್ತಿಕೊಂಡರು. ಹಳೆಯವಕ್ಕೆ ಈಗ ಸಂಗ್ರಾಹಕರಿದ್ದಾರೆ, ಅವರಿಗೆ ಸಂಘವಿದೆ, ವರ್ಷಕ್ಕೊಂದು ಸಮ್ಮೇಳನವಿದೆ. ಹೂವಿನ ಶರ್ಟು ಹಾಕಿಕೊಂಡ ಗಂಡಸರು ಒಬ್ಬರ ಬೊಂಬೆಯನ್ನು ಒಬ್ಬರು ಟಾರ್ಚ್ ಹಿಡಿದು ನೋಡುತ್ತಾರೆ.

೨೦೨೨ರ ಬೇಸಿಗೆಯಲ್ಲಿ ಇವರು ಕಡಲತೀರದ ಕಡೆ ಹಳೆಯ ಸಾಮಾನು ಮಾರುವ ಒಂದು ಫ್ಲೀ ಮಾರ್ಕೆಟ್ಟಿನಿಂದ ಬಂದರು. ನಾನು ಅಡಿಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. "ಅನೂ, ನೋಡೇ, ಏನ್ ಸಿಕ್ಕಿದೆ ನೋಡು. ನೈಂಟೀನ್ ಫಿಫ್ಟಿಎಯ್ಟ್ ಇರ್ಬೇಕು, ಮಿನಿಮಮ್" ಎಂದು ಟವೆಲ್ಲು ಬಿಚ್ಚಿ, ಮೂರಡಿ ಎತ್ತರದ ಬೊಂಬೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದರು.

ನನ್ನ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ನಾನು ಹುಟ್ಟಿದ್ದು ೧೯೬೦ರಲ್ಲಿ. ಆ ಬೊಂಬೆಯನ್ನು ಮಾಡಿದ್ದು ೧೯೮೪ರಲ್ಲಿ. ಹುಬ್ಬು ಕಿನ್ನಾಳದ ಗರುಡನದು, ಆ ಹುಬ್ಬು ಬಿಟ್ಟರೆ ಬೇರೆ ಹುಬ್ಬು ಹಾಕಲು ನನಗೆ ಆಗಲೂ ಬರುತ್ತಿರಲಿಲ್ಲ. ಬಾಯಿ ಮಾತ್ರ ಬೆಳಿಗ್ಗೆ ಸಾಕ್ಸ್ ಸಿಗದಾಗ ಇವರು ತೆರೆಯುತ್ತಿದ್ದ ಬಾಯಿ. ಅದನ್ನು ಕೆತ್ತುವಾಗ ನಾನು ಒಬ್ಬಳೇ ನಕ್ಕಿದ್ದು ನೆನಪಾಯಿತು. ಮೂವತ್ತೆಂಟು ವರ್ಷದ ಮೇಲೆ ಅದನ್ನು ನೋಡಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಇವರು "ಸೊಪ್ಪು ಎತ್ಕೋ, ಕಾಲಿಗೆ ಸಿಗುತ್ತೆ" ಎಂದರು.

ನಾನು ಮದುವೆಯಾಗಿ ಅಮೆರಿಕಕ್ಕೆ ಬಂದದ್ದು ೧೯೮೨ರಲ್ಲಿ. ಅಪ್ಪ ಕಿನ್ನಾಳದಲ್ಲಿ ಹೆಡ್‌ಮಾಸ್ಟರ್. ಕೊಪ್ಪಳದ ಪಕ್ಕದ ಆ ಊರು ಮರದ ಬೊಂಬೆಗಳಿಗೆ ಹೆಸರಾದದ್ದು. ನಮ್ಮ ಬಾಡಿಗೆ ಮನೆ ಇದ್ದದ್ದು ಬೊಂಬೆ ಮಾಡುವ ಚಿತ್ರಗಾರರ ಓಣಿಯಲ್ಲಿ. ಪಕ್ಕದ ಮನೆಯ ಪಂಚಾಕ್ಷರಿ ಕಾಕಾನ ಅಂಗಳದಲ್ಲಿಯೇ ನಾನು ಬೆಳೆದದ್ದು. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿ ಅಂಟು ಮಾಡುವುದು. ಕೆತ್ತಿದ ಮರದ ಮೇಲೆ ಹಳೆಯ ಬಟ್ಟೆಯ ತುಂಡನ್ನು ಆ ಅಂಟಿನಿಂದ ಎಳೆದು ಕೂರಿಸುವುದು. ಮರದ ಹೊಟ್ಟಿಗೆ ಅಂಟು ಕಲಸಿದ ಕಿಟ್ಟದಿಂದ ಮೂಗು ತುಟಿ ಎತ್ತುವುದು. ಒಣಗಿದ ಮೇಲೆ ಬಣ್ಣ. ಹತ್ತು ವರ್ಷದವಳಿದ್ದಾಗಲೇ ನನಗೆ ಇಷ್ಟೂ ಬರುತ್ತಿತ್ತು. ಮದುವೆಗೆ ಮುಂಚೆ ಕಾಕಾ ತನ್ನ ಒಂದು ಸಣ್ಣ ಉಳಿಯನ್ನು ನನ್ನ ಕೈಗೆ ಕೊಟ್ಟು, "ಅಲ್ಲಿ ಬ್ಯಾಸರಾತಂದ್ರ ಬೇಕಾಗ್ತದವ್ವಾ" ಎಂದಿದ್ದ. ಗಂಡನಿಗಿಂತ ಅವನಿಗೆ ನನ್ನ ವಿಷಯ ಹೆಚ್ಚು ಗೊತ್ತಿತ್ತು.

ಬೇಸರ ಬಂದಿಳಿದ ವಾರವೇ ಬಂತು. ಪಿಸ್ಕಾಟವೇಯಲ್ಲಿ ನೆಲಮಟ್ಟದ ಅಪಾರ್ಟ್‌ಮೆಂಟ್. ನನ್ನದು ಎಚ್-ಫೋರ್ ವೀಸಾ, ಅಂದರೆ ಹೊರಗೆ ಕೆಲಸ ಮಾಡುವಂತಿಲ್ಲ. ಒಳಗಿನ ಕೆಲಸಕ್ಕೆ ವೀಸಾ ಬೇಕಿರಲಿಲ್ಲ. ಇವರು ಮೊದಲ ತಿಂಗಳೇ ನನ್ನ ಭಾಷೆಯನ್ನು ರಿಪೇರಿಗೆ ತೆಗೆದುಕೊಂಡರು. "ಹೋಗೂಣು ಅಲ್ಲ ಕಣೇ, ಹೋಗೋಣ. ಜನ ನಗ್ತಾರೆ." ಯಾವ ಜನ? ಆ ಕಾಂಪ್ಲೆಕ್ಸಿನಲ್ಲಿ ನನ್ನ ಕನ್ನಡ ಕೇಳಿ ನಗಬಲ್ಲವರು ಇವರೊಬ್ಬರೇ ಇದ್ದದ್ದು. ನಾನು ತಿದ್ದಿಕೊಂಡೆ. ಆಮೇಲೆ ಅನಸೂಯ ಎನ್ನುವುದು ಉದ್ದವಾಯಿತೆಂದು ಅನು ಮಾಡಿದರು. ಅದಕ್ಕೂ ಸುಮ್ಮನಾದೆ.

ಮಗ ಸುಮೀತ್ ಹುಟ್ಟಿದ ಮೇಲೆ ಅವನನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ಪಕ್ಕದ ಡನೆಲ್ಲನ್ ಊರಿನವರೆಗೆ ನಡೆಯುತ್ತಿದ್ದೆ. ಅಲ್ಲಿ ಡಾಟ್ ಎಂಬಾಕೆಯ ಪಾರ್ಟಿ ಸಾಮಾನಿನ ಅಂಗಡಿ ಇತ್ತು. ಊರಿನ ಅಗ್ನಿಶಾಮಕ ದಳಗಳು, ಸ್ವಿಮ್ ಕ್ಲಬ್ಬುಗಳು ಬೇಸಿಗೆಯಲ್ಲಿ ಹವಾಯಿ ಪಾರ್ಟಿ ಮಾಡುವಾಗ ಬೊಂಬೆ, ಹಾರ, ಚಾಪೆಗಳನ್ನು ಆಕೆ ಬಾಡಿಗೆಗೆ ಕೊಡುತ್ತಿದ್ದಳು. ಒಂದು ಜನವರಿಯಲ್ಲಿ ಚಳಿ ತಡೆಯಲಾರದೆ ಒಳಗೆ ಹೋದೆ. ಕೌಂಟರಿನ ಮೇಲೆ ಮೂಗು ಮುರಿದ ಬೊಂಬೆಯೊಂದು ಬಿದ್ದಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂಗನ್ನು ತೋರಿಸಿ, ನನ್ನ ಕೈಯನ್ನು ತೋರಿಸಿ, ಮನೆಗೆ ತೆಗೆದುಕೊಂಡು ಹೋಗಿ ಅಂಟು ಕಾಯಿಸಿ ಸರಿಮಾಡಿ ತಂದುಕೊಟ್ಟೆ. ಡಾಟ್ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಮೊದಲು ಕೇಳಿದ್ದು ನನ್ನ ಹೆಸರು. ಹೇಳಿದೆ. ಅವಳಿಗೆ ಬರಲಿಲ್ಲ. ಚೀಟಿಯ ಮೇಲೆ ಬರೆಸಿಕೊಂಡು, ಬರುವ ತನಕ ಐದಾರು ಸಲ ಹೇಳಿ ನೋಡಿದಳು. ಆಮೇಲೆ ಒಂದು ಟಿಕಿಯ ಪೋಸ್ಟ್‌ಕಾರ್ಡ್ ಕೊಟ್ಟು, ಇಂಥದ್ದು ಮಾಡುತ್ತೀಯಾ ಎಂದಳು.

ಮೂರು ವರ್ಷದಲ್ಲಿ ನಾನು ಮೂವತ್ತರ ಮೇಲೆ ಮಾಡಿಕೊಟ್ಟೆ. ಗಾಳಿಗೆ ಬಿದ್ದ ಪೈನ್ ಮರಗಳ ತುಂಡುಗಳನ್ನು ಕಾಂಪ್ಲೆಕ್ಸಿನ ಮೇಂಟೆನೆನ್ಸ್‌ನವನು ಸುಮ್ಮನೆ ಕೊಡುತ್ತಿದ್ದ. ಕೆಲಸ ಮಾಡಲು ಬೇಸ್‌ಮೆಂಟಿನಲ್ಲಿ ಪ್ರತಿ ಮನೆಗೂ ಇದ್ದ ಸಾಮಾನಿನ ಗೂಡು ಇತ್ತು, ಇವರು ಅಲ್ಲಿಗೆ ಒಂದು ದಿನವೂ ಇಳಿದವರಲ್ಲ. ಹುಣಸೆ ಬೀಜ ಸಾರಿನದೇ, ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಹುಣಸೆಹಣ್ಣಿನ ಉಂಡೆಯಲ್ಲಿ ಬೀಜವೇ ಅರ್ಧ. ಬಟ್ಟೆ ಮನೆಯದೇ. ಒಂದು ಸಲ ಹಳೆಯ ಬಟ್ಟೆ ಮುಗಿದು, ಇವರು ಬೆಂಗಳೂರಿನಿಂದ ತಂದಿದ್ದ ನೀಲಿ ಗೀರಿನ ಶರ್ಟನ್ನು ಕತ್ತರಿಸಿದೆ. ಕಾಲರು ಸವೆದು ಹೋಗಿತ್ತು. ಅದಕ್ಕೆ ಒಂದು ವಾರ ಕೂಗಾಡಿದರು. ಆ ಶರ್ಟಿನ ಕಾಲರಿನ ತುಂಡು ಹೋದದ್ದು ಇವರು ಟವೆಲ್ಲು ಬಿಚ್ಚಿ ಊಟದ ಮೇಜಿನ ಮೇಲೆ ನಿಲ್ಲಿಸಿದ ಆ ಬೊಂಬೆಯ ತಲೆಯ ಹಿಂಭಾಗಕ್ಕೆ.

೧೯೮೭ರಲ್ಲಿ ಸಮರ್‌ಸೆಟ್ಟಿನಲ್ಲಿ ಮನೆ ಕೊಂಡೆವು. ಸಾಮಾನು ಕಟ್ಟುವಾಗ ಉಳಿ ಇವರ ಕಣ್ಣಿಗೆ ಬಿತ್ತು. "ಇದ್ಯಾವ್ದೇ ತುಕ್ಕು ಹಿಡಿದಿದ್ದು, ಮಗು ಕೈಗೆ ಸಿಕ್ರೆ?" ಎಂದು ಹೊರಗಿನ ಕಸದ ಡಂಪ್‌ಸ್ಟರಿಗೆ ಎಸೆದು ಬಂದರು. ಅದು ತುಕ್ಕು ಹಿಡಿದಿರಲಿಲ್ಲ. ಎಸೆದದ್ದಕ್ಕಿಂತ ಹೆಚ್ಚಾಗಿ ನನಗೆ ಉರಿದದ್ದು ಬೇರೆ. ಮನೆಯಲ್ಲಿ ಮೂರು ಹೊತ್ತು ಅಡಿಗೆ ಮಾಡಿಕೊಂಡಿರುವ ಹೆಂಡತಿಯ ಬಳಿ ಉಳಿ ಯಾಕಿದೆ ಎಂದು ಈ ಏಳನೆಯ ರ‍್ಯಾಂಕಿನ ಮಹಾಶಯರಿಗೆ ಕೇಳಬೇಕೆನಿಸಲಿಲ್ಲ. ನಾನೂ ಹೇಳಲಿಲ್ಲ. ವೀಸಾದ ಭಯ ಆಗಲೂ ಇತ್ತು. ಅದಕ್ಕಿಂತ, ಕೇಳದವರಿಗೆ ಹೇಳುವುದು ನನ್ನ ಜಾಯಮಾನವಲ್ಲ. ಡಾಟ್‌ಗೂ ಹೇಳದೆ ಬಂದುಬಿಟ್ಟೆ. ಅದು ಮಾತ್ರ ನನ್ನ ತಪ್ಪು.

ಈಗ ನೋಡಿದರೆ ಇವರೇ ನನ್ನ ಬೊಂಬೆಯನ್ನು ಹೊತ್ತು ತಂದು, "ಇದನ್ನ ಮಾಡ್ದೋನ್ ಯಾರು ಅಂತ ಕಂಡುಹಿಡೀತೀನಿ" ಎನ್ನುತ್ತಿದ್ದರು. ಆವತ್ತೇ ಹೇಳಬಹುದಿತ್ತು. ಬಾಯಿಯ ತನಕ ಬಂತು. ಆದರೆ ನಲವತ್ತು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ನನ್ನ ಬಗ್ಗೆ ಏನನ್ನೋ ತಿಳಿಯಲು ಹೊರಟಿದ್ದರು, ತಿಳಿಯದೆಯೇ ಆಗಲಿ. ಹುಡುಕಲಿ ಎಂದುಕೊಂಡೆ. ಹುಡುಕಿ ಹುಡುಕಿ ನನ್ನ ತನಕ ಬಂದರೆ, ಆ ಉಳಿಯನ್ನೂ ಸೇರಿಸಿ ಎಲ್ಲವನ್ನೂ ಕ್ಷಮಿಸುತ್ತೇನೆ ಎಂದು ದೇವರ ಮುಂದೆ ದೀಪ ಹಚ್ಚುವಾಗ ಮನಸ್ಸಿನಲ್ಲೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬರಲಿ ಎಂದು ನನಗೆ ತುಂಬ ಆಸೆಯಿತ್ತು.

ಪಾಂಡಿತ್ಯ ಶುರುವಾಯಿತು. ಫೋಲ್ಡರ್, ಬಣ್ಣದ ಚೀಟಿ, ಸ್ಪ್ರೆಡ್‌ಶೀಟ್. ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯಲ್ಲಿ ಕೆಲಸ ಮಾಡುವ ಸುಬ್ಬು ಎಂಬ ಗೆಳೆಯರು ಬೊಂಬೆಯಿಂದ ಉದುರಿದ ಚೂರನ್ನು ಲ್ಯಾಬಿನಲ್ಲಿ ನೋಡಿ, ಇದು ಉಷ್ಣವಲಯದ ಯಾವುದೋ ಮರದ ಬೀಜದ ಅಂಟು ಎಂದು ವರದಿ ಕೊಟ್ಟರು. ಇವರು ಮನೆಯೆಲ್ಲ ಕುಣಿದಾಡಿದರು. "ನ್ಯೂಜೆರ್ಸಿಯಲ್ಲಿ ಎಲ್ಲಿಂದ ಬರ್ಬೇಕು ಟ್ರಾಪಿಕಲ್ ಬೀಜ? ಹವಾಯಿಯವನೇ ತಂದಿರ್ಬೇಕು! ಅಥೆಂಟಿಕ್ ಕಣೇ, ಅಥೆಂಟಿಕ್!" ಎಂದು, ಹುಣಸೆಹಣ್ಣಿನ ಗೊಜ್ಜು ಕಲಸಿದ ಅನ್ನದ ತಟ್ಟೆಯನ್ನು ಮುಂದಿಟ್ಟುಕೊಂಡೇ ಹೇಳಿದರು.

ಆಮೇಲೆ ತಲೆಯ ಹಿಂದಿನ ಬಣ್ಣ ಸ್ವಲ್ಪ ಬಿರುಕು ಬಿಟ್ಟು ಒಳಗಿನ ಬಟ್ಟೆ ಕಂಡಿತು. ನೀಲಿ ಗೀರು ಕಂಡಿತು. ಗೀರಿನ ಮೇಲೆ ಕಪ್ಪಾಗಿ ಒಂದು ಅಡ್ಡಗೆರೆ, ಅದರ ಕೆಳಗೆ ಎರಡು ಚುಕ್ಕಿ ಕಂಡವು. ಬೆಂಗಳೂರಿನ ಇವರ ಮನೆಯ ಬಟ್ಟೆಗೆಲ್ಲ ಅಗಸರು ಯಾವ ನೀರಿಗೂ ಅಳಿಯದ ಕಪ್ಪಿನಲ್ಲಿ ಹಾಕುತ್ತಿದ್ದ ಗುರುತು ಅದು. ಓಣಿಯ ಬಟ್ಟೆಗಳ ರಾಶಿಯಲ್ಲಿ ಇವರ ಮನೆಯದು ಯಾವುದೆಂದು ತಿಳಿಯಲು ಹಾಕಿದ್ದು. ಇವರು ಹುಟ್ಟಿದಾಗಿನಿಂದ ಇಪ್ಪತ್ತೆಂಟು ವರ್ಷ ಆ ಗುರುತನ್ನು ಕುತ್ತಿಗೆಯ ಹಿಂದೆ ಹೊತ್ತು ತಿರುಗಿದ್ದಾರೆ. ಅದನ್ನು ಈಗ ಭೂತಗನ್ನಡಿಯಲ್ಲಿ ನೋಡಿ, ಉಸಿರು ಬಿಗಿಹಿಡಿದು, "ಮೇಕರ್ಸ್ ಮಾರ್ಕ್!" ಎಂದರು.

ಅಲ್ಲಿಂದ ಮುಂದೆ ಕಥೆ ತಾನೇ ಬೆಳೆಯಿತು. ನೀಲಿ ಗೀರು ಎಂದರೆ ನಾವಿಕರ ಶರ್ಟು. ನಾವಿಕ ಎಂದರೆ ನೌಕಾಪಡೆಯ ಡಿಪೋ. ಹಳೆಯ ಪತ್ರಿಕೆಯೊಂದರಲ್ಲಿ, ೧೯೫೮ರಲ್ಲಿ ಇಲ್ಲಿಯ ಡಿಪೋದಲ್ಲಿ ಅಡಿಗೆಯವನಾಗಿದ್ದ ಹವಾಯಿಯ ಕಿಮೋ ಎಂಬ ಹುಡುಗನ ಫೋಟೋ ಸಿಕ್ಕಿತು. ಪಾಪ, ಆ ಹುಡುಗ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾನೆ. ಕೆತ್ತನೆಯ ಸುದ್ದಿಯೇ ಅಲ್ಲಿಲ್ಲ. ಇವರಿಗೆ ಸೌಟು ಸಾಕಾಯಿತು. ಒಂದು ಅಡ್ಡಗೆರೆ ಸಮುದ್ರದ ಅಂಚು, ಎರಡು ಚುಕ್ಕಿ ಅವನು ಬಿಟ್ಟುಬಂದ ಎರಡು ದ್ವೀಪ ಎಂದು ಬರೆದರು. ಬಸವನಗುಡಿಯ ಅಗಸರು ಓದಿದ್ದರೆ ಬಟ್ಟೆ ಒಗೆಯುವುದನ್ನು ಬಿಟ್ಟು ನಗುತ್ತಿದ್ದರು. ಸಂಗ್ರಾಹಕರ ಸಂಘದಲ್ಲಿ ಇವರ ಲೇಖನ ಹೆಸರು ಮಾಡಿತು. ೨೦೨೫ರ ಸಮ್ಮೇಳನ ಎಡಿಸನ್ ಊರಿನ ಸಭಾಂಗಣದಲ್ಲಿ, ಅಲ್ಲಿ ಇವರದ್ದೇ ಭಾಷಣ. ವಿಷಯ: ಎರಡು ಚುಕ್ಕಿಯ ಮಹಾಶಿಲ್ಪಿ.

ನಾನು ಕೈಕಟ್ಟಿ ಕೂತಿರಲಿಲ್ಲ. ಆಸೆಯಿತ್ತು ಎಂದೆನಲ್ಲ. ಬೀಜದ ಹುಣಸೆಹಣ್ಣು ಹುಡುಕಿ ತಂದು, ಬೀಜ ಹುರಿದು, ಅರೆದು, ಇವರೆದುರಿಗೇ ಒಲೆಯ ಮೇಲೆ ಕುದಿಸಿದೆ. ನಲವತ್ತು ವರ್ಷದ ಹಿಂದೆ ಪಿಸ್ಕಾಟವೇಯ ಮನೆಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ವಾಸನೆ ಅದು. "ಏನೇ ಅದು ಹಾಳು ವಾಸನೆ, ಎಗ್ಸಾಸ್ಟ್ ಹಾಕು" ಎಂದು ಬೇಸ್‌ಮೆಂಟಿಗೆ ಇಳಿದರು.

ಇನ್ನೊಂದು ದಿನ ಮಾವನವರ ಹಳೆಯ ಪಂಚೆಯೊಂದನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಮೂಲೆಯಲ್ಲಿ ಅದೇ ಅಡ್ಡಗೆರೆ, ಅದೇ ಎರಡು ಚುಕ್ಕಿ, ಸ್ವಲ್ಪವೂ ಮಾಸಿಲ್ಲ. ಊಟದ ಮೇಜಿನ ಮೇಲೆ ಹಾಸಿ, ಗುರುತು ಸರಿಯಾಗಿ ಇವರು ಕೂರುವ ಕಡೆಗೆ ಬರುವಂತೆ ಎಳೆದಿಟ್ಟೆ. ಇವರು ಬಂದರು, ಕೂತರು, ಲ್ಯಾಪ್‌ಟಾಪನ್ನು ಸರಿಯಾಗಿ ಅದರ ಮೇಲೆಯೇ ಇಟ್ಟು, ತೆರೆಯ ಮೇಲೆ ಎರಡು ಚುಕ್ಕಿಯ ಫೋಟೋವನ್ನು ದೊಡ್ಡದು ಮಾಡಿ ನೋಡತೊಡಗಿದರು. ನಾನು ಹಿಂದೆ ನಿಂತು ನೋಡಿದೆ. ಕೈಯಲ್ಲಿದ್ದ ಲಟ್ಟಣಿಗೆಯನ್ನು ಮೆಲ್ಲಗೆ ಕೆಳಗಿಟ್ಟೆ. ಸುಮೀತ್‌ಗೆ ಫೋನ್ ಮಾಡಿ, ನಿಮ್ಮಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂದೆ. ಅವನು, "ಅಮ್ಮಾ, ಅಟ್‌ಲೀಸ್ಟ್ ಹೀ ಈಸ್ ಬಿಝಿ" ಎಂದ.

ಸಮ್ಮೇಳನಕ್ಕೆ ನಾಲ್ಕು ದಿನ ಇರುವಾಗ ಫ್ಲೀ ಮಾರ್ಕೆಟ್ಟಿನವನು ಕೊನೆಗೂ ಒಂದು ನಂಬರ್ ಕೊಟ್ಟ. ಬೊಂಬೆಯನ್ನು ಅವನಿಗೆ ಮಾರಿದವಳು ಬ್ರಿಕ್ ಎಂಬ ಊರಿನ ಲೊರೇನ್. ಡಾಟ್‌ನ ಮಗಳು. ಇವರು ಬೇಸ್‌ಮೆಂಟಿನ ಬಾರಿನಲ್ಲಿ ಕೂತು ಅವಳೊಡನೆ ಮುಕ್ಕಾಲು ಗಂಟೆ ಮಾತಾಡಿದರು. ನಾನು ಮೇಲೆ ಚಪಾತಿ ಲಟ್ಟಿಸುತ್ತಿದ್ದೆ. ಲೊರೇನ್ ಆಗ ಹೈಸ್ಕೂಲ್ ಹುಡುಗಿ, ಸುಮೀತನನ್ನು ಕೌಂಟರಿನ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು. ಇನ್ನು ಐದು ನಿಮಿಷಕ್ಕೆ ಇವರು ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡುತ್ತಾರೆ ಎಂದು ಕಾಯುತ್ತ, ಒಂದು ಚಪಾತಿಯೂ ದುಂಡಗೆ ಬರಲಿಲ್ಲ.

ಬಂದರು. ಮುಖ ಸಪ್ಪಗಿತ್ತು. ತಟ್ಟೆ ಎಳೆದುಕೊಂಡು, "ಹಾಳಾಗೋಯ್ತು ಕಣೇ" ಎಂದರು.

"ಏನಾಯ್ತು?"

"ಕಿಮೋನೂ ಇಲ್ಲ, ಏನೂ ಇಲ್ಲ. ಯಾರೋ ಇಂಡಿಯನ್ ಹೌಸ್‌ವೈಫ್ ಮಾಡಿದ್ದಂತೆ. ಪಿಸ್ಕಾಟವೇಯಲ್ಲೇ ಇದ್ಳಂತೆ. ಏಯ್ಟೀಸ್‌ದು. ಸ್ಟ್ರೋಲರ್‌ನಲ್ಲಿ ಮಗು ಕಾಲ ಹತ್ರ ಬೊಂಬೆ ಮಲಗಿಸಿ, ಬ್ಲಾಂಕೆಟ್ ಮುಚ್ಚಿ ತರ್ತಿದ್ಳಂತೆ. ಯಾರೋ ಗುಜ್ಜು ಆಂಟಿ ಇರ್ಬೇಕು, ಟೈಂಪಾಸ್‌ಗೆ ಮಾಡಿದ್ದು. ಕ್ರಾಫ್ಟ್ ಅಷ್ಟೆ. ಆರ್ಟ್ ಅಲ್ಲ."

"ಹೆಸರು ಏನಂತೆ?"

"ಏನೋ ಉದ್ದಕ್ಕೆ ಹೇಳಿದ್ಳು. ನಾನು ಆಗ ಸುಬ್ಬುಗೆ ಮೆಸೇಜ್ ಹಾಕ್ತಿದ್ದೆ. ಬರ್ಕೊಳ್ಲಿಲ್ಲ. ಯಾಕೆ ಬರ್ಕೋಬೇಕು?" ಒಂದು ತುತ್ತು ನುಂಗಿ ಮುಂದುವರಿಸಿದರು. "ಅವಳಮ್ಮ ಸಾಯೋ ತನಕ ಆ ಹೆಂಗಸನ್ನ ಕೇಳ್ತಿದ್ಳಂತೆ. ಇನ್ನೂ ಹನ್ನೊಂದು ಬೊಂಬೆ ಗರಾಜಲ್ಲಿ ಇಟ್ಕೊಂಡಿದಾಳಂತೆ. ಸಿಕ್ಕಿದ್ರೆ ಬರೋಕೆ ಹೇಳಿ ಅಂದ್ಳು. ನಂಗೇನ್ ಬೇರೆ ಕೆಲ್ಸ ಇಲ್ವಾ? ನೋಡು, ಕಾರ್ಡ್ ಪ್ರಿಂಟ್ ಆಗಿದೆ, ಪ್ರೋಗ್ರಾಮ್ ಪ್ರಿಂಟ್ ಆಗಿದೆ. ನಾನು ಶನಿವಾರ ಕಿಮೋ ಅಂತಲೇ ಹೇಳ್ತೀನಿ. ಯಾರಿಗ್ ಗೊತ್ತಾಗುತ್ತೆ? ನೀನೂ ಯಾರತ್ರನೂ ಬಾಯ್ಬಿಡ್ಬೇಡ."

ಮೂರು ವರ್ಷ ಹುಡುಕಿದರು. ಯಾರೋ ಹೆಸರನ್ನು ಕಿವಿಗೇ ತಂದು ಹಾಕಿದರು. ಭಾರತದ ಹೆಂಗಸು ಎಂದದ್ದೇ ತಡ, ಇವರ ಕಿವಿ ಮುಚ್ಚಿಹೋಯಿತು. ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಅಸಹ್ಯವಾಯಿತು. ಈ ಮನುಷ್ಯನ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ನಲವತ್ತಮೂರು ವರ್ಷ ಕಳೆದೆನಲ್ಲ ಎಂದು ನನ್ನ ಬಗ್ಗೆಯೂ ಅಸಹ್ಯವಾಯಿತು. ಬಾಯಿಂದ ಬಂದದ್ದು ಮಾತ್ರ ಇವರು ತಿದ್ದಿದ ಕನ್ನಡವಲ್ಲ.

"ಆ ಹೆಣ್ಮಗಳು ನಾನ ರೀ."

"ಯಾವ ಹೆಣ್ಮಗಳು?"

"ಗೊಂಬಿ ಮಾಡಿದಾಕಿ. ನಾನ ಮಾಡೀನಿ. ಗುಜರಾತಿನಾಕಿ ಅಲ್ಲ, ಕಿನ್ನಾಳದಾಕಿ."

ನಕ್ಕರು. ಬಾಯಲ್ಲಿ ಚಪಾತಿ ಇಟ್ಟುಕೊಂಡೇ ನಕ್ಕರು. "ನೀನಾ? ರಂಗೋಲಿ ನೆಟ್ಟಗೆ ಹಾಕಕ್ಕೆ ಬರಲ್ಲ ನಿಂಗೆ."

ನಾನು ಎದ್ದು ಹೋಗಿ ಆ ಪಂಚೆಯನ್ನು ತಂದೆ. ಬೇಸ್‌ಮೆಂಟಿನಿಂದ ಬೊಂಬೆಯನ್ನೂ ಎತ್ತಿಕೊಂಡು ಬಂದೆ, ಮೆಟ್ಟಿಲಲ್ಲಿ ಉಸಿರು ಹತ್ತಿತು. ಬೊಂಬೆಯ ತಲೆಯನ್ನು ತಿರುಗಿಸಿ, ಪಂಚೆಯ ಮೂಲೆಯನ್ನು ಪಕ್ಕಕ್ಕೆ ಹಿಡಿದೆ. "ನೋಡ್ರಿ. ನಿಮ್ಮ ಮನಿ ಅಗಸರ ಗುರುತು. ಇದು ನಿಮ್ಮ ನೀಲಿ ಶರ್ಟು. ಒಂದು ವಾರ ಒದರ್‍ಯಾಡಿದ್ರಲ್ಲ, ಅದ."

ಇಂಜಿನಿಯರಲ್ಲವೇ, ಕನ್ನಡಕ ಹಾಕಿಕೊಂಡು ಅದನ್ನೂ ಇದನ್ನೂ ನೋಡಿದರು. ಫೋಲ್ಡರ್ ತೆಗೆದು ಫೋಟೋ ನೋಡಿದರು. ಮತ್ತೆ ಪಂಚೆ ನೋಡಿದರು. ಈಗ ಕೇಳುತ್ತಾರೆ ಎಂದುಕೊಂಡೆ. ಯಾವಾಗ, ಎಲ್ಲಿ, ಯಾಕೆ ಹೇಳಲಿಲ್ಲ, ಯಾರು ಕಲಿಸಿದರು, ಉಳಿ ಎಲ್ಲಿತ್ತು. ಅವುಗಳಲ್ಲಿ ಒಂದೇ ಒಂದನ್ನು ಕೇಳಿದ್ದರೂ ಸಾಕಿತ್ತು. ನಾನು ಅಷ್ಟು ಅಗ್ಗವಾಗಿ ಸಿಗುತ್ತಿದ್ದೆ.

ಕನ್ನಡಕ ತೆಗೆದರು. ಮುಖಕ್ಕೆ ಕಳೆ ಬಂದಿತ್ತು. "ಅನೂ," ಎಂದರು, ತಗ್ಗಿದ ದನಿಯಲ್ಲಿ, ಬಹಳ ಪ್ರೀತಿಯಿಂದ. "ಇನ್ನೊಂದು ಮಾಡ್ಕೊಡ್ತೀಯಾ? ಜೋಡಿ ಇದ್ರೆ ಕಿಮೋ ಥಿಯರಿ ಪಕ್ಕಾ ಆಗುತ್ತೆ. ನನ್ನ ಹತ್ರ ಆ ಕಾಲದ ಶರ್ಟು ಇನ್ನೊಂದಿದೆ."

ನಾನು ಬೊಂಬೆಯನ್ನು ಅಲ್ಲಿಯೇ ಬಿಟ್ಟೆ. ಫೋಲ್ಡರಿನಿಂದ ಲೊರೇನ್‌ಳ ನಂಬರಿದ್ದ ಹಳದಿ ಚೀಟಿಯನ್ನು ಕಿತ್ತುಕೊಂಡೆ. ಇವರು ತಡೆಯಲಿಲ್ಲ. ಮಹಾಶಿಲ್ಪಿ ಒಪ್ಪಿದಳೆಂದೇ ತಿಳಿದರೋ ಏನೋ, ತಟ್ಟೆಗೆ ಇನ್ನೊಂದು ಚಪಾತಿ ಹಾಕಿಕೊಂಡರು.

ಮಾರನೆಯ ದಿನ ಲೊರೇನ್‌ಗೆ ಫೋನ್ ಮಾಡಿ, ಇಂಗ್ಲಿಷಿನಲ್ಲಿ, "ನಾನು ಅನಸೂಯ" ಎಂದಷ್ಟೇ ಹೇಳಿದೆ. ಆ 'ಅ'ದಿಂದ 'ಯ'ದ ತನಕ ಒಂದಕ್ಷರ ತಪ್ಪಿಲ್ಲದೆ ಅವಳು ಅದನ್ನು ತಿರುಗಿ ಹೇಳಿದಳು. ಆಮೇಲೆ ಅತ್ತಳು. ಶನಿವಾರ ಬಾ ಎಂದಳು.

ಶನಿವಾರ ಇವರು ಹೂವಿನ ಶರ್ಟು ಹಾಕಿಕೊಂಡು ಎಡಿಸನ್‌ಗೆ ಹೊರಟರು. ಊಟದ ಡಬ್ಬಿ ಎಲ್ಲಿ ಎಂದರು. ಮಾಡಿಲ್ಲ ಎಂದೆ. ಮುಖ ನೋಡಿ ಹೋದರು. ನಾನು ಇನ್ನೊಂದು ಕಾರು ತೆಗೆದೆ. ಪಾರ್ಕ್‌ವೇ ಹೆದ್ದಾರಿಯಲ್ಲಿ ನನಗೆ ಡ್ರೈವ್ ಮಾಡಲು ಬರುವುದಿಲ್ಲ ಎಂದು ಇವರು ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಒಂದು ಗಂಟೆ ಐದು ನಿಮಿಷಕ್ಕೆ ಬ್ರಿಕ್ ಮುಟ್ಟಿದೆ. ಯಾರೂ ಹಾರ್ನ್ ಹೊಡೆಯಲಿಲ್ಲ.

ಲೊರೇನ್‌ಗೆ ಈಗ ಕೂದಲೆಲ್ಲ ಬೆಳ್ಳಗಾಗಿದೆ. ಅಪ್ಪಿಕೊಂಡು, ಬಿಡದೆ, ಹಾಗೆಯೇ ಗರಾಜಿಗೆ ಕರೆದುಕೊಂಡು ಹೋದಳು. ಹನ್ನೊಂದೂ ಸಾಲಾಗಿ ನಿಂತಿದ್ದವು. ಕೆಲವಕ್ಕೆ ಬಣ್ಣ ಹೋಗಿದೆ, ಒಂದರ ಕಿವಿ ಬಿದ್ದಿದೆ, ಪ್ರತಿಯೊಂದರ ಕುತ್ತಿಗೆಗೂ ಡಾಟ್ ಕೈಬರಹದ ಚೀಟಿ. ಬಾಡಿಗೆಗೆ ಒಯ್ದವರಿಗೂ ತಿಳಿಯಲಿ ಎಂದು ಪ್ರತಿ ಚೀಟಿಯಲ್ಲೂ ನನ್ನ ಪೂರ್ತಿ ಹೆಸರು. ಮಾರಲು ಒಯ್ಯುವ ಗಡಿಬಿಡಿಯಲ್ಲಿ ಹನ್ನೆರಡನೆಯದರ ಚೀಟಿ ಮಾತ್ರ ಕಳೆದುಹೋಗಿತ್ತಂತೆ.

"ನೀನು ಬರುವುದು ನಿಂತ ಮೇಲೆ ಅಮ್ಮ ನಿನ್ನ ಅಪಾರ್ಟ್‌ಮೆಂಟಿಗೆ ಬಂದಿದ್ದಳು, ಎರಡು ಸಲ," ಎಂದಳು ಲೊರೇನ್. "ಹೊಸಬರಿದ್ದರು. ಅವರಿಗೆ ಗೊತ್ತಿರಲಿಲ್ಲ. ನಿನಗೆ ಏನಾದರೂ ಆಯಿತೋ ಎಂದು ಅವಳಿಗೆ ಯೋಚನೆ." ನಾನು ಕ್ಷಮೆ ಕೇಳಿದೆ. ಕೇಳಬೇಕಾದವಳು ಆರು ವರ್ಷದ ಹಿಂದೆ ಹೋಗಿದ್ದಳು, ಮಗಳನ್ನೇ ಕೇಳಿದೆ. ಕಿವಿ ಬಿದ್ದ ಬೊಂಬೆಯನ್ನು ಮಡಿಲಿಗೆ ಎತ್ತಿಕೊಂಡು ಅಲ್ಲಿಯೇ ಒಂದು ಡಬ್ಬದ ಮೇಲೆ ಕೂತೆ. ಅಂಟು ಇನ್ನೂ ಗಟ್ಟಿಯಾಗಿತ್ತು.

ಲೊರೇನ್ ಎದುರಿಗೆ ಕೂತು ಕಣ್ಣೊರೆಸಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: "ಮೊನ್ನೆ ಒಬ್ಬ ಮನುಷ್ಯ ಫೋನ್ ಮಾಡಿದ್ದ. ಅವನಿಗೂ ನಿನ್ನ ಹೆಸರು ಹೇಳಿದೆ, ಆದರೆ ಅವನಿಗೆ ಅದು ಬೇಕಿದ್ದ ಹಾಗೆ ಕಾಣಲಿಲ್ಲ. ಅವನೇ ನಿನಗೆ ನನ್ನ ನಂಬರ್ ಕೊಟ್ಟನೇ? ಅವನು ನಿನಗೆ ಗೊತ್ತೇ?"

"ಇಲ್ಲ," ಎಂದೆ. "ಯಾರೋ ಬೊಂಬೆ ಕೂಡಿಹಾಕುವವನು ಇರಬೇಕು."